ಪುಟ್ಟಿಯ ಮೂರು ಜೋಡಿ ಬೂಟು

ಶನಿವಾರ ಮಾತ್ರ ಅವಳು ಅಳುತ್ತಿರಲಿಲ್ಲ. ಇದು ನಮ್ಮ ಗಮನಕ್ಕೆ ಬರಲು ಆರು ವಾರ ಬೇಕಾಯಿತು.

ಪುಟ್ಟಿ ನನ್ನ ತಂಗಿಯ ಮಗಳು. ಆರು ವರ್ಷ. ಧಾರವಾಡದಲ್ಲಿ ಒಂದನೇ ತರಗತಿ. (ಅವಳ ನಿಜವಾದ ಹೆಸರು ಇಲ್ಲಿ ಬೇಡ.) ತಂಗಿಗೆ ಹುಬ್ಬಳ್ಳಿಯಲ್ಲಿ ಕೆಲಸ. ಬೆಳಿಗ್ಗೆ ಚಿಗರಿ ಬಸ್ಸು ಹತ್ತಿದರೆ ವಾಪಸು ಬರುವುದು ಸಂಜೆ ಏಳಕ್ಕೆ. ಹೀಗಾಗಿ ಮಗು ಶಾಲೆ ಬಿಟ್ಟ ಮೇಲೆ ನೇರವಾಗಿ ನಮ್ಮ ಮನೆಗೆ ಬರುತ್ತದೆ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ವರ್ಷವೆಲ್ಲ ಜಂಪರ (ಸೀರೆಯ ಬ್ಲೌಸು), ಮೇ ತಿಂಗಳು ಬಂತೆಂದರೆ ಶಾಲೆ ಯೂನಿಫಾರ್ಮ್. ಒಂದು ಜಂಪರವನ್ನೂ ಅಳತೆ ಇಲ್ಲದೆ ಕತ್ತರಿಸಿದವಳಲ್ಲ. ಆದರೂ ಮಗುವಿನ ಪಾದ ಅಳೆಯದೆ ಎರಡು ಜೋಡಿ ಬೂಟು ನಮ್ಮ ಮನೆಗೆ ಬಂದವು. ಅದಕ್ಕಾಗಿ ಅವಳು ನೋವು ತಿಂದಳು. ಇನ್ನೊಂದು ಮನೆಯಲ್ಲಿ ಹಾಗೆ ಆಗಬಾರದು ಅಂತ ಎಲ್ಲವನ್ನೂ ಅಳತೆ ಸಮೇತ ಬರೆಯುತ್ತಿದ್ದೇನೆ.

ಮೊದಲ ಜೋಡಿ ಬಂದದ್ದು ಮೇ ಕೊನೆಯ ವಾರ. ತಂಗಿಯ ಗಂಡ ಕೆಲಸ ಮುಗಿಸಿ ಬರುವಾಗ ಹುಬ್ಬಳ್ಳಿಯ ದುರ್ಗದ ಬೈಲಿನ ಕಡೆ ಹೋಗಿ ತಂದರು. ಹಿಂದಿನ ವರ್ಷ 9ನೇ ನಂಬರ್ ಇತ್ತು, ಈ ವರ್ಷ 10 ಇರಲಿ ಅಂತ ಲೆಕ್ಕ. ಮಗು ಜೊತೆಗಿರಲಿಲ್ಲ. ಕಪ್ಪು ಬಣ್ಣ, ಬಕಲ್ ಪಟ್ಟಿ, ಮೂತಿ ಸ್ವಲ್ಪ ಚೂಪು, 425 ರೂಪಾಯಿ. ನೋಡಲು ಚೆಂದವಾಗಿದ್ದವು. ಪುಟ್ಟಿ ರಾತ್ರಿ ಹಾಸಿಗೆಯಲ್ಲೂ ಅವನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದ್ದಳು.

ಶಾಲೆ ಶುರುವಾಗಿ ಹತ್ತು ದಿನಕ್ಕೆ ಕಿರುಬೆರಳು ಕೆಂಪಾಯಿತು. ಆಮೇಲೆ ಹೆಬ್ಬೆರಳಿನ ಬುಡದ ಗಂಟಿನ ಮೇಲೆ ಗುಳ್ಳೆ. "ದೊಡ್ಡವ್ವಾ, ಬೂಟ ಕಚ್ಚತಾವ" ಅಂದಳು. ಹೊಸ ಬೂಟು ಕಚ್ಚುವುದೇ ಅಲ್ವಾ, ನಾಲ್ಕು ದಿನ ಹಾಕಿದರೆ ಸಡಿಲಾಗುತ್ತವೆ ಅಂದೆ. ಕೊಬ್ಬರಿ ಎಣ್ಣೆ ಸವರಿದೆವು. ಬೆರಳಿಗೆ ಪಟ್ಟಿ ಅಂಟಿಸಿದೆವು. ರಾತ್ರಿ ಒದ್ದೆ ಪೇಪರ್ ತುಂಬಿ ಹಿಗ್ಗಿಸಲು ನೋಡಿದೆವು. ನಿಜವಾದ ಚರ್ಮವಾಗಿದ್ದರೆ ಸ್ವಲ್ಪವಾದರೂ ಹಿಗ್ಗುತ್ತಿತ್ತು. ಇದು ರೆಕ್ಸಿನ್. ಪೇಪರ್ ತೆಗೆದ ಕೂಡಲೇ ಮೊದಲಿನ ಆಕಾರಕ್ಕೇ ಬಂತು. ಪಟ್ಟಿ ಅಂಟಿಸಿದ್ದಂತೂ ತಪ್ಪೇ ಆಯಿತು. ಮೊದಲೇ ಇಕ್ಕಟ್ಟಾದ ಜಾಗದಲ್ಲಿ ಬೆರಳನ್ನು ಇನ್ನಷ್ಟು ದಪ್ಪ ಮಾಡಿದಂತಾಯಿತು.

ದಿನಾ ಬೆಳಿಗ್ಗೆ ಅಳು ಶುರುವಾಯಿತು. ತಂಗಿ ಫೋನ್ ಮಾಡಿ, "ಅಕ್ಕಾ, ಇಕಿ ಸಾಲಿಗೆ ಹೋಗಾಕ ಒಲ್ಲೆ ಅಂತಾಳ, ಏನ ಮಾಡ್ಲಿ?" ಅಂದಳು. ಕಾಲು ನೋಯುತ್ತದೆ ಅಂತ ಮಗು ಹೇಳಿದರೂ ನಮ್ಮ ಕಿವಿಗೆ ಬಿದ್ದದ್ದು ಶಾಲೆ ಒಲ್ಲೆ ಅನ್ನುವ ಮಾತು ಮಾತ್ರ. ಒಂದನೇ ತರಗತಿಯ ಮಕ್ಕಳು ಅಳುತ್ತವೆ ಅಂತ ನಾವೇ ಮೊದಲೇ ನಂಬಿಕೊಂಡಿದ್ದೆವು.

ಕೊನೆಗೆ ಅವ್ವ ಹೇಳಿದಳು: "ಸಣ್ಣವು ಆಗ್ಯಾವ. ಬೆಳ್ಯೂ ಕೂಸು, ಎರಡ ನಂಬರ ದೊಡ್ಡವು ತಗೋರಿ. ಮುಂದಿನ ವರ್ಷಾನೂ ಆಗ್ತಾವ." ನನಗೂ ಸರಿ ಅನಿಸಿತು. ಯೂನಿಫಾರ್ಮ್ ಹೊಲಿಯುವಾಗ ನಾನು ಮಾಡುವುದೂ ಅದೇ. ಫ್ರಾಕಿನ ಕೆಳಗೆ ಎರಡು ಇಂಚು ಬಟ್ಟೆ ಮಡಚಿ ಹೊಲಿಯುತ್ತೇನೆ. ಪಕ್ಕದಲ್ಲಿ ಮಾರ್ಜಿನ್ ಬಿಡುತ್ತೇನೆ. ಮಗು ಬೆಳೆದಂತೆ ಹೊಲಿಗೆ ಬಿಚ್ಚಿದರೆ ಬಟ್ಟೆಯೂ ಬೆಳೆಯುತ್ತದೆ.

ಕಾರಹುಣ್ಣಿಮೆ ಮುಗಿದ ಮೇಲಿನ ಭಾನುವಾರ ಎರಡನೇ ಜೋಡಿ ಬಂತು. 12ನೇ ನಂಬರ್, ಅದೇ ಬಕಲ್, ಅದೇ ಚೂಪು ಮೂತಿ, 550 ರೂಪಾಯಿ. ಮುಂದೆ ಖಾಲಿ ಉಳಿದ ಜಾಗಕ್ಕೆ ಅರಳೆ ತುಂಬಿದೆವು. ಮೂರು ದಿನ ಅಳು ನಿಂತಿತು. ಹಾಗಾಗಿ ಸಮಸ್ಯೆ ಮುಗಿಯಿತು ಅಂದುಕೊಂಡೆವು.

ನನ್ನ ಹೊಲಿಗೆ ಮಷೀನು ಇರುವುದು ಓಣಿಯ ಕಡೆಯ ಕಿಟಕಿಗೆ. ಪುಟ್ಟಿ ಬರುವುದು ನನಗೆ ಮೊದಲು ಕೇಳಿಸುತ್ತದೆ, ಆಮೇಲೆ ಕಾಣಿಸುತ್ತದೆ. ಮೊದಲೆಲ್ಲ ಓಡಿ ಬರುವ ಸದ್ದು. ಈಗ ಸರ್ ಸರ್ ಅಂತ ಎಳೆಯುವ ಸದ್ದು. ಹಿಮ್ಮಡ ಬೂಟಿನಿಂದ ಏಳುತ್ತಿತ್ತು, ಬೂಟು ನೆಲದಲ್ಲೇ ಉಳಿಯುತ್ತಿತ್ತು. ಅದು ಜಾರಬಾರದು ಅಂತ ಅವಳು ಬೆರಳುಗಳನ್ನು ಮಡಚಿ ಬೂಟನ್ನು ಹಿಡಿದುಕೊಂಡು ನಡೆಯುತ್ತಿದ್ದಳು. ಒಂದು ವಾರಕ್ಕೆ ಹಿಮ್ಮಡದಲ್ಲಿ ಗುಳ್ಳೆ ಒಡೆದಿತ್ತು. ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಎರಡು ನಂಬರ್ ದೊಡ್ಡ ಬೂಟಿನಲ್ಲಿ ಉಗುರಿಗೆ ಪೆಟ್ಟು ಬೀಳುವುದು ಹೇಗೆ? ನಮಗೆ ತಿಳಿಯಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲೆ, ಧಾರವಾಡದ ಜಿಟಿಜಿಟಿ ಮಳೆಯ ಒಂದು ದಿನ, ಶಾಲೆಯ ಫರ್ಸಿ ಮೆಟ್ಟಿಲ ಮೇಲೆ ಅವಳು ಮುಗ್ಗರಿಸಿ ಬಿದ್ದಳು. ಮೊಣಕಾಲು ತರಚಿತು, ತುಟಿ ಒಡೆಯಿತು. ಕರೆದುಕೊಂಡು ಬರಲು ಹೋದಾಗ ಅವಳ ಟೀಚರ್ ಹೇಳಿದ ಮಾತು ನನ್ನನ್ನು ಅಲ್ಲೇ ನಿಲ್ಲಿಸಿತು. "ಅಕ್ಕಾರ, ಇಕಿ ಆಟಕ್ಕ ಬರೂದಿಲ್ಲ. ಒಂದ ಕಡೆ ಸುಮ್ನ ಕುಂದರತಾಳ. ಕ್ಲಾಸಿನ್ಯಾಗ ಬೆಂಚಿನ ಕೆಳಗ ಬೂಟ ಕಳದಿಟ್ಟಿರತಾಳ. ಶನಿವಾರ ಮಾತ್ರ ಎಲ್ಲಾರಕಿಂತ ಮುಂದ ಓಡತಾಳ ನೋಡ್ರಿ."

ಶನಿವಾರ ಬಿಳಿ ಕ್ಯಾನ್ವಾಸ್ ಬೂಟು. ಬಟ್ಟೆಯ ಮೇಲ್ಭಾಗ, ಅಗಲವಾದ ರಬ್ಬರ್ ಮೂತಿ. ಮನೆಗೆ ಬಂದು ಅದನ್ನು ಬೋರಲು ಹಾಕಿ ನೋಡಿದೆ. ನಂಬರ್ 10. ಕಚ್ಚಿದ ಮೊದಲ ಜೋಡಿಯ ನಂಬರೂ ಅದೇ!

ಅವತ್ತು ಸಂಜೆಯೇ ಅಳೆಯಲು ಕೂತೆ. ಸಂಜೆ ಅನ್ನುವುದಕ್ಕೂ ಅರ್ಥವಿದೆ. ದಿನವಿಡೀ ನಡೆದಾಡಿದ ಮೇಲೆ ಪಾದ ಸ್ವಲ್ಪ ಉಬ್ಬಿರುತ್ತದೆ. ಬೆಳಿಗ್ಗೆ ಸರಿಯಾದ ಬೂಟು ಸಂಜೆಗೆ ಬಿಗಿಯಾಗಬಹುದು. ನಾನು ಡ್ರಾಫ್ಟ್, ಅಂದರೆ ಹೊಲಿಗೆಯ ಅಳತೆ ಮಾದರಿ, ಕತ್ತರಿಸುವ ಖಾಕಿ ಪೇಪರನ್ನು ಗೋಡೆಗೆ ತಾಗಿಸಿ ನೆಲಕ್ಕೆ ಹಾಸಿದೆ. ಶಾಲೆಗೆ ಹಾಕುವ ಸಾಕ್ಸನ್ನೇ ಹಾಕಿಸಿ, ಹಿಮ್ಮಡ ಗೋಡೆಗೆ ತಾಗುವಂತೆ ನಿಲ್ಲಿಸಿದೆ. ಕೂರಿಸಿ ಅಳೆಯಬಾರದು. ಮೈಭಾರ ಬಿದ್ದಾಗ ಪಾದ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆದೆ. ಪೆನ್ಸಿಲ್ ಒಳಕ್ಕೆ ವಾಲಿದರೆ ಅಳತೆ ಕಡಿಮೆ ಬರುತ್ತದೆ.

ಎಡಗಾಲು 17.5 ಸೆಂಟಿಮೀಟರ್, ಬಲಗಾಲು 17.9. ಎರಡೂ ಪಾದ ಒಂದೇ ಅಳತೆ ಇರುವುದಿಲ್ಲ, ದೊಡ್ಡದರ ಲೆಕ್ಕಕ್ಕೇ ಬೂಟು ತರಬೇಕು. ಅವಳಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ. ಬೆರಳುಗಳ ಬುಡದಲ್ಲಿ ಅಗಲ 7.2 ಸೆಂಟಿಮೀಟರ್.

ಆಮೇಲೆ ಬೂಟುಗಳ ಒಳಭಾಗ. ಕ್ಯಾನ್ವಾಸಿನ ಒಳಗಿನ ಹಾಸು ಎತ್ತಿದರೆ ಬಂತು. ಕಪ್ಪು ಬೂಟುಗಳಲ್ಲಿ ಅಂಟಿಸಿದ್ದರು. ಅದಕ್ಕೆ ರಟ್ಟನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ, ಒಳಗೆ ಮಡಚದೆ ಕೂರುವ ತನಕ ಹೊಂದಿಸಿ ಅಳೆದೆ. ಮೊದಲ ಜೋಡಿ ಉದ್ದ 18.1, ಅಗಲ 6.2. ಎರಡನೇ ಜೋಡಿ ಉದ್ದ 19.8, ಅಗಲ 6.5. ಕ್ಯಾನ್ವಾಸ್ ಉದ್ದ 18.6, ಅಗಲ 7.

ರಟ್ಟಿನ ಮೇಲೆ ಪುಟ್ಟಿಯನ್ನು ನಿಲ್ಲಿಸಿದಾಗ ತಂಗಿ ನನ್ನ ಪಕ್ಕದಲ್ಲೇ ಇದ್ದಳು. ಮೊದಲ ಜೋಡಿಯ ರಟ್ಟಿನಿಂದ ಪಾದ ಎರಡೂ ಬದಿಗೆ ಹೊರಗೆ ಚಾಚಿತ್ತು. ಸರಿಯಾಗಿ ಕಿರುಬೆರಳು ಕೆಂಪಾದ ಜಾಗ, ಸರಿಯಾಗಿ ಗುಳ್ಳೆ ಎದ್ದ ಜಾಗ. ತಂಗಿಯ ಕಣ್ಣಲ್ಲಿ ನೀರು ಬಂತು.

ಎರಡನೇ ಜೋಡಿಯ ಒಗಟೂ ಅಲ್ಲೇ ಬಿಡಿಸಿಕೊಂಡಿತು. ಉದ್ದದಲ್ಲಿ ಸುಮಾರು ಎರಡು ಸೆಂಟಿಮೀಟರ್ ಜಾಸ್ತಿ. ಅಗಲ ಮಾತ್ರ ಇನ್ನೂ ಸಾಲದು. ಹಿಮ್ಮಡ ಹಿಡಿದು ನಿಲ್ಲಿಸದ ಕಾರಣ ಹೆಜ್ಜೆ ಹೆಜ್ಜೆಗೂ ಪಾದ ಮುಂದಕ್ಕೆ ಜಾರುತ್ತಿತ್ತು. ಮುಂದೆ ಹೋದಷ್ಟೂ ಬೂಟು ಇಕ್ಕಟ್ಟು. ಲಾಳಿಕೆಯೊಳಗೆ ಇಳಿದಂತೆ ಬೆರಳುಗಳು ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತಿದ್ದವು. ನಾವು ತುಂಬಿದ ಅರಳೆ ಒತ್ತಿ ಒತ್ತಿ ಗಟ್ಟಿ ಉಂಡೆಯಾಗಿತ್ತು. ಉಗುರು ಬಡಿಯುತ್ತಿದ್ದದ್ದು ಅದಕ್ಕೇ. ಅಗಲ ಸಾಲದ ಬೂಟಿಗೆ ನಾವು ಉದ್ದ ಹೆಚ್ಚಿಸಿದ್ದೆವು. ಎದೆಯಲ್ಲಿ ಬಿಗಿಯಾದ ಜಂಪರಕ್ಕೆ ಯಾರಾದರೂ ತೋಳು ಉದ್ದ ಮಾಡುತ್ತಾರಾ?

ಫ್ರಾಕಿನಲ್ಲಿ ಹೆಚ್ಚಿನ ಬಟ್ಟೆ ಒಳಗೆ ಮಡಚಿಕೊಂಡು ಸುಮ್ಮನಿರುತ್ತದೆ, ಮಗುವಿಗೆ ಏನೂ ಮಾಡುವುದಿಲ್ಲ. ಬೂಟಿನಲ್ಲಿ ಹೆಚ್ಚಿನ ಜಾಗವನ್ನು ಮಡಚಲು ಬರುವುದಿಲ್ಲ. ಅದು ದಿನಾ ಆರು ಗಂಟೆ ಮಗುವಿನ ಹೆಜ್ಜೆಯೊಳಗೇ ಇರುತ್ತದೆ. ಬೆಳೆಯುವ ಮಕ್ಕಳಿಗೆ ಬಿಡಬೇಕಾದ ಮಾರ್ಜಿನ್ ಬೂಟಿನಲ್ಲೂ ಇದೆ, ಆದರೆ ಅದು ಉದ್ದನೆಯ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ನಡೆಯುವಾಗ ಬೆರಳು ಚಾಚಲು, ಕೆಲವು ತಿಂಗಳು ಬೆಳೆಯಲು ಅಷ್ಟು ಸಾಕು.

ನಂಬರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ನಡೆಯುವುದು ಇಂಗ್ಲೆಂಡಿನ ಅಳತೆ. ಮಕ್ಕಳ ಸೊನ್ನೆ ನಂಬರ್ ಅಂದರೆ ನಾಲ್ಕು ಇಂಚು. ಅಲ್ಲಿಂದ ಒಂದೊಂದು ನಂಬರಿಗೆ ಇಂಚಿನ ಮೂರನೇ ಒಂದು ಪಾಲು, ಸುಮಾರು 8.5 ಮಿಲಿಮೀಟರ್. ಜವೆಗೋಧಿ ಕಾಳಿನ ಉದ್ದದಿಂದ ಹುಟ್ಟಿದ ಹಳೇ ಅಳತೆ ಅದು. 13ರ ನಂತರ ಮತ್ತೆ 1ರಿಂದ ಶುರು. ಎರಡು ನಂಬರ್ ದೊಡ್ಡದು ಅಂದರೆ 17 ಮಿಲಿಮೀಟರ್ ದೊಡ್ಡದು ಅಂತಾಯಿತು. ಅದೂ ಬೂಟು ತಯಾರಿಸುವ ಅಚ್ಚಿನ ಉದ್ದವೇ ಹೊರತು ಪಾದದ ಉದ್ದವಲ್ಲ, ಅಗಲದ ಮಾತಂತೂ ಆ ನಂಬರಿನಲ್ಲಿ ಇಲ್ಲವೇ ಇಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ನಮ್ಮ ದೇಶದವರ ಪಾದಗಳನ್ನೇ ಅಳೆದು 'ಭಾ' ಅನ್ನುವ ಅಳತೆ ಪದ್ಧತಿ ರೂಪಿಸಿದೆ. ನಮ್ಮವರ ಪಾದ ಅಗಲ ಅನ್ನುವುದು ಅದರಲ್ಲೂ ಕಂಡುಬಂದಿದೆ. ಪುಟ್ಟಿಯ ಪಾದದಲ್ಲಿ ಏನೂ ದೋಷವಿರಲಿಲ್ಲ.

ಉಗುರು ತೋರಿಸಲು ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅದು ತಾನೇ ಬೆಳೆದು ಹೋಗುತ್ತದೆ, ಉಗುರನ್ನು ಮೂಲೆ ಕೊರೆಯದೆ ನೇರವಾಗಿ ಕತ್ತರಿಸಿ ಅಂದರು. ಅವ್ವನಿಗೆ ಇನ್ನೊಂದು ಚಿಂತೆ ಇತ್ತು, ಮಗುವಿನ ಅಂಗಾಲು ಚಪ್ಪಟೆ ಇದೆ ಅಂತ. ಡಾಕ್ಟರು ಪುಟ್ಟಿಯನ್ನು ತುದಿಗಾಲ ಮೇಲೆ ನಿಲ್ಲಿಸಿದರು. ಅಂಗಾಲಿನ ಕಮಾನು ಕಾಣಿಸಿತು. ಈ ವಯಸ್ಸಿಗೆ ಇದು ಸಹಜ, ಬೇರೆ ಬೂಟು ಬೇಡ, ಮನೆಯಲ್ಲಿ ಬರಿಗಾಲಲ್ಲಿ ಆಡಲಿ ಅಂದರು. ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಒಂದು ಪಾದದಲ್ಲಿ 26 ಎಲುಬು. ಚಿಕ್ಕ ಮಕ್ಕಳಲ್ಲಿ ಅವು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಎಷ್ಟೋ ಭಾಗ ಕಿವಿಯ ಅಂಚಿನ ಹಾಗೆ ಮೆತ್ತಗಿರುತ್ತದೆ. ಹಾಗಾಗಿ ಬಿಗಿ ಬೂಟಿನಲ್ಲೂ ಪಾದ ಹೊಂದಿಕೊಂಡುಬಿಡುತ್ತದೆ, ಎಷ್ಟೋ ಮಕ್ಕಳು ನೋವು ಅಂತ ಹೇಳುವುದೇ ಇಲ್ಲ. ಪುಟ್ಟಿ ಹೇಳಿದ್ದಳು.

ಮೂರನೇ ಜೋಡಿಗೆ ನಾನೇ ಹೋದೆ. ಪುಟ್ಟಿಯೂ ಬಂದಳು. ಪಂಚಮಿಗೆ ಇನ್ನೂ ಎರಡು ವಾರ ಇತ್ತು. ಖಾಕಿ ಪೇಪರಿನಲ್ಲಿ ದೊಡ್ಡ ಪಾದದ ಆಕಾರ ಕತ್ತರಿಸಿ, ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಕೂಡಿಸಿದ್ದೆ. ಜಂಪರಕ್ಕೆ ಡ್ರಾಫ್ಟ್ ಮಾಡುವಂತೆಯೇ. ಸುಭಾಸ ರಸ್ತೆಯ ಒಂದು ಅಂಗಡಿ, ಸಂಜೆ ಐದೂವರೆ. ಅಂಗಡಿಯ ಹಿರಿಯರು ಆ ಪೇಪರನ್ನು ಕೈಯಲ್ಲಿ ಹಿಡಿದು ನೋಡಿದರು. "ಅಕ್ಕಾರ, ಇಕಿ ಪಾದ ಮುಂದ ಅಗಲ ಐತ್ರಿ. ಈ ಬಕಲ್‌ವು ಯಾವೂ ಆಗೂದಿಲ್ಲ. ಗಂಡಹುಡುಗುರ ಬೂಟ ತೋರಸ್ಲೇನ್ರಿ?" ಕೇಳಿದ ಕೂಡಲೇ ಒಪ್ಪಿದೆ. ಹೆಣ್ಣುಮಕ್ಕಳ ಬಕಲ್ ಬೂಟುಗಳಲ್ಲಿ ಬಹಳಷ್ಟು ಕಿರಿದಾಗಿ, ಮೇಲೆ ತಗ್ಗಾಗಿ ಇರುತ್ತವೆ. ಎಲ್ಲ ಹುಡುಗಿಯರ ಪಾದವೂ ತೆಳ್ಳಗೆ ಅಂತ ಯಾರು ಹೇಳಿದರೋ.

ಆರು ಜೋಡಿ ನೋಡಿದೆವು. ಪೇಪರ್ ಒಳಗಿಟ್ಟರೆ ಮೂರರಲ್ಲಿ ಅಂಚು ಮುದುಡಿತು, ಅವು ಅಲ್ಲೇ ಹೋದವು. ಉಳಿದವನ್ನು ಕೈಯಲ್ಲಿ ಬಗ್ಗಿಸಿದೆ. ಬೆರಳು ಮಡಚುವ ಜಾಗದಲ್ಲೇ ಬೂಟು ಮಡಚಬೇಕು. ಒಂದು ನಡುವಿನಲ್ಲೇ ಮುರಿದಂತೆ ಮಡಚಿತು, ಬಿಟ್ಟೆ. ಹಿಮ್ಮಡದ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದೆ, ಗಟ್ಟಿಯಾಗಿರಬೇಕು. ಅಡಿಯಲ್ಲಿ ಗೀರುಗಳಿರಬೇಕು, ನಮ್ಮ ಮಳೆಗೆ, ಎರೆಮಣ್ಣಿನ ಕೆಸರಿಗೆ ನುಣುಪು ಸೋಲು ಆಗದು. ಒಳಗೆ ಕೈ ಹಾಕಿ ಹೊಲಿಗೆಗಳನ್ನು ತಡವಿದೆ. ಒಂದರಲ್ಲಿ ಕಿರುಬೆರಳಿನ ಜಾಗದಲ್ಲೇ ದಪ್ಪ ಹೊಲಿಗೆ ಇತ್ತು. ಹೊಲಿಗೆಯವಳ ಕೈಗೆ ಅದು ಬೇಗ ಸಿಕ್ಕಿತು. ಆದರೆ ಯಾರು ಬೇಕಾದರೂ ಹೀಗೆ ತಡವಿ ನೋಡಬಹುದು. ಅಂಗಡಿಯಲ್ಲಿ ನಾವು ಬೂಟಿನ ಹೊಳಪು ನೋಡುತ್ತೇವೆ, ಒಳಗೆ ಕೈ ಹಾಕುವುದೇ ಇಲ್ಲ.

ಉಳಿದದ್ದು ಒಂದು ಜೋಡಿ. 11ನೇ ನಂಬರ್, ಎರಡು ವೆಲ್ಕ್ರೋ ಪಟ್ಟಿ, ದುಂಡು ಮೂತಿ. ಒಳಗೆ ಉದ್ದ 19, ಅಗಲ 7. ಹಾಕಿಸಿ ಮೂತಿ ಒತ್ತಿ ನೋಡಿದೆ, ಆದರೆ ಅದನ್ನೇ ನಂಬಲಿಲ್ಲ. ಒತ್ತಿದ ಕೂಡಲೇ ಮಕ್ಕಳು ಬೆರಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ, ಜಾಗ ಇದೆ ಅಂತ ನಮಗೆ ಅನಿಸುತ್ತದೆ. ಅಂಗಡಿಯ ಮೆಟ್ಟಿಲು ಹತ್ತಿ ಇಳಿಯಲು ಹೇಳಿದೆ. ಹಿಮ್ಮಡ ಏಳಲಿಲ್ಲ. ಕುಕ್ಕರುಗಾಲಲ್ಲಿ ಕೂರಿಸಿದೆ. ಹತ್ತು ನಿಮಿಷ ಹಾಕಿಕೊಂಡೇ ಇರಲಿ ಅಂದೆ, ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ. ಬಿಚ್ಚಿದ ಮೇಲೆ ಸಾಕ್ಸ್ ತೆಗೆದು ನೋಡಿದೆ, ಎಲ್ಲೂ ಕೆಂಪು ಗುರುತಿಲ್ಲ. 690 ರೂಪಾಯಿ. ಒಟ್ಟು ಮೂರು ಜೋಡಿಗೆ 1,665 ಆಯಿತು. ತಂಗಿಗೆ ಅದು ಸಣ್ಣ ಮೊತ್ತವಲ್ಲ.

ಮನೆಯಲ್ಲಿ ಅವ್ವ, "ಹೆಣ್ಣಹುಡುಗಿಗೆ ಗಂಡಹುಡುಗುರ ಬೂಟೇನ?" ಅಂದಳು. ಪುಟ್ಟಿ ಅಂಗಳದಲ್ಲಿ ಕುಂಟಬಿಲ್ಲೆ ಆಡಿ ತೋರಿಸಿದಳು. ಅವ್ವ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಮಾತಾಡಲಿಲ್ಲ. ಶಾಲೆಯಲ್ಲಿ ಕೇಳಿದೆವು. ಕಪ್ಪು ಬಣ್ಣ ಇದ್ದರೆ ಸಾಕು ಅಂದರು.

ಆ ಸೋಮವಾರ ಅಳು ಇರಲಿಲ್ಲ. ಮಂಗಳವಾರವೂ ಇರಲಿಲ್ಲ.

ನೈಲಾನ್ ಸಾಕ್ಸ್ ಬಿಟ್ಟು ಹತ್ತಿಯವು ತಂದೆವು, ಬೆರಳಿನ ಹತ್ತಿರ ದಪ್ಪ ಹೊಲಿಗೆ ಇಲ್ಲದವು. ಮಳೆಯಲ್ಲಿ ನೆಂದು ಬಂದ ದಿನ ಬೂಟಿಗೆ ಒಣ ಪೇಪರ್ ತುಂಬಿ ಫ್ಯಾನಿನ ಕೆಳಗೆ ಇಡುತ್ತೇನೆ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ.

ನನ್ನ ಹತ್ತಿರ ಜಂಪರ ಹೊಲಿಸುವವರಲ್ಲಿ ಒಬ್ಬರು ಸರಕಾರಿ ಶಾಲೆಯ ಟೀಚರ್. ಅಲ್ಲಿ ಮಕ್ಕಳಿಗೆ ಸರಕಾರದಿಂದ ಒಂದು ಜೋಡಿ ಕಪ್ಪು ಬೂಟು, ಎರಡು ಜೋಡಿ ಸಾಕ್ಸ್ ಬರುತ್ತವೆ. ಶಾಲೆಯ ಎಸ್‌ಡಿಎಂಸಿಯವರೇ (ಶಾಲಾಭಿವೃದ್ಧಿ ಸಮಿತಿಯವರು) ಖರೀದಿ ಮಾಡುತ್ತಾರೆ. ಪುಟ್ಟಿಯ ಪೇಪರ್ ಪಾದ ನೋಡಿ ಅವರು ತಮ್ಮ ತರಗತಿಯ ಮಕ್ಕಳಿಗೆ ಹಳೇ ಪೇಪರಿನ ಮೇಲೆ ಪಾದ ಬರೆಸಿದರು. ನಿನ್ನ ನಂಬರ್ ಎಷ್ಟು ಅಂತ ಕೇಳಿ ಬರೆದುಕೊಳ್ಳುವುದನ್ನು ಬಿಟ್ಟರು. ಮಕ್ಕಳು ತಮ್ಮ ಪಾದಕ್ಕೆ ಬಣ್ಣವನ್ನೂ ಹಚ್ಚಿದ್ದವು.

ಪುಟ್ಟಿಯ ಅಳತೆಯನ್ನು ನಾನು ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದಿಡುತ್ತೇನೆ, ಎರಡು ಮೂರು ತಿಂಗಳಿಗೊಮ್ಮೆ. ದೀಪಾವಳಿಗೆ ಬಲಗಾಲು 18.1. ಸಂಕ್ರಮಣಕ್ಕೆ 18.4. ಪರೀಕ್ಷೆ ಮುಗಿದಾಗ 18.5. 11ನೇ ನಂಬರ್ ಅವಳನ್ನು ವರ್ಷದ ಕೊನೆಯವರೆಗೂ ಕರೆದೊಯ್ದಿತು.

ಈ ಮೇ ತಿಂಗಳಲ್ಲಿ ಅವ್ವ ಡಬ್ಬಿಯಿಂದ ಆ 12ನೇ ನಂಬರ್ ಜೋಡಿ ತೆಗೆದಳು. ಪುಟ್ಟಿಯ ಪಾದ ಈಗ 18.7. ಉದ್ದಕ್ಕೆ ಸರಿಯಾಗಿತ್ತು. ಹೊಸ ಡ್ರಾಫ್ಟ್ ಕತ್ತರಿಸಿ ಒಳಗಿಟ್ಟೆ, ಎರಡೂ ಅಂಚು ಮುದುಡಿದವು. ಅವ್ವನೇ ಬೂಟನ್ನು ಮತ್ತೆ ಡಬ್ಬಿಗೆ ಹಾಕಿದಳು. ಪಕ್ಕದ ಓಣಿಯಲ್ಲಿ ತೆಳ್ಳನೆಯ ಪಾದದ ಒಬ್ಬ ಹುಡುಗಿ ಇದ್ದಾಳೆ. ಎರಡು ಮೂರು ವಾರ ಮಾತ್ರ ಹಾಕಿದ್ದರಿಂದ ಬೂಟಿಗೆ ಪುಟ್ಟಿಯ ಪಾದದ ಆಕಾರ ಇನ್ನೂ ಬಂದಿರಲಿಲ್ಲ. ಅವಳನ್ನು ಸಂಜೆ ಕರೆದು ಖಾಕಿ ಪೇಪರಿನ ಮೇಲೆ ನಿಲ್ಲಿಸಿದೆ. ಉದ್ದ 18.8, ಅಗಲ 6.6. ಅವಳು ಅದನ್ನೇ ಹಾಕಿಕೊಂಡು ಮನೆಗೆ ಹೋದಳು.